ಬಾಂಬ್ ಹಾಕಿದವರೇ ದುಡ್ಡು ಕೊಡ್ತಾರೆ, ಅವರೇ ನಿಲ್ಲಿಸ್ತಾರೆ: ಲಾವೋಸ್‌ನ ಗಾಯಾಳುಗಳ ಪಾಡೇನು?

ತುಂಗಾತೀರ:

2025ರ ಜನವರಿ ಕೊನೆಯಲ್ಲಿ ಅಮೆರಿಕ ತನ್ನ ವಿದೇಶಿ ನೆರವನ್ನು ಹೆಚ್ಚುಕಮ್ಮಿ ಪೂರ್ತಿ 90 ದಿನ ತಡೆಹಿಡಿಯಿತು. ಔಷಧಿ, ಆಹಾರ ನಿಂತ ಸುದ್ದಿ ನಮ್ಮ ಪೇಪರ್‌ಗಳಲ್ಲೂ ಬಂತು. ಆದರೆ ಅದೇ ಆದೇಶದಿಂದ ನೆಲಬಾಂಬ್ ತೆಗೆಯುವ ತಂಡಗಳೂ ಕೆಲಸ ಬಿಟ್ಟು ಮನೆಗೆ ಹೋಗಬೇಕಾಯಿತು. ಅದು ಜಾಸ್ತಿ ಜನಕ್ಕೆ ಗೊತ್ತಾಗಲಿಲ್ಲ. ಅದಕ್ಕೇ ಈ ಚರ್ಚೆ ಶುರು ಮಾಡುತ್ತಿದ್ದೇನೆ.

ಲಾವೋಸ್ ವಿಷಯವನ್ನೇ ತೆಗೆದುಕೊಳ್ಳುತ್ತೇನೆ. ಕಾರಣ ಇದೆ. 1964ರಿಂದ 1973ರವರೆಗೆ ಅಮೆರಿಕ, ವಿಯೆಟ್ನಾಂ ಯುದ್ಧದ ಭಾಗವಾಗಿ, ಅದರ ಪಕ್ಕದ ಆ ಪುಟ್ಟ ದೇಶದ ಮೇಲೆ 5,80,000 ಸಲ ವಿಮಾನ ಹಾರಿಸಿ 20 ಲಕ್ಷ ಟನ್ನಿಗೂ ಹೆಚ್ಚು ಬಾಂಬ್ ಸುರಿಯಿತು. ಲೆಕ್ಕ ಹಾಕಿದರೆ ಒಂಬತ್ತು ವರ್ಷ, ಹಗಲೂ ರಾತ್ರಿ, ಎಂಟು ನಿಮಿಷಕ್ಕೊಂದು ವಿಮಾನ. ಅದರಲ್ಲಿ 27 ಕೋಟಿಯಷ್ಟು ಕ್ಲಸ್ಟರ್ ಬಾಂಬಿನ (ಒಂದೇ ಕವಚದೊಳಗೆ ನೂರಾರು ಪುಟ್ಟ ಬಾಂಬ್ ತುಂಬಿದ್ದು) ಮರಿಗಳಿದ್ದವು. ಮೂರರಲ್ಲಿ ಒಂದರ ಹತ್ತಿರ ಸಿಡಿಯಲಿಲ್ಲ. ಅಂದರೆ ಸುಮಾರು 8 ಕೋಟಿ ಮಣ್ಣಲ್ಲೇ ಉಳಿದವು. 1964ರಿಂದ ಈಚೆಗೆ 50,000 ಜನ ಸತ್ತಿದ್ದಾರೆ ಅಥವಾ ಗಾಯಗೊಂಡಿದ್ದಾರೆ. ಅವರಲ್ಲಿ 20,000ಕ್ಕೂ ಹೆಚ್ಚು ಜನಕ್ಕೆ ಪೆಟ್ಟಾದದ್ದು ಬಾಂಬ್ ಹಾಕುವುದು ನಿಂತ ಮೇಲೆ.

2016ರ ಸೆಪ್ಟೆಂಬರ್‌ನಲ್ಲಿ ಒಬಾಮ ಲಾವೋಸ್ ರಾಜಧಾನಿ ವಿಯೆಂಟಿಯಾನ್‌ಗೆ ಹೋಗಿ ಮೂರು ವರ್ಷಕ್ಕೆ 9 ಕೋಟಿ ಡಾಲರ್ ಘೋಷಿಸಿದರು. ಅಮೆರಿಕದ ಅಧ್ಯಕ್ಷರೊಬ್ಬರು ಅಧಿಕಾರದಲ್ಲಿದ್ದಾಗ ಲಾವೋಸ್‌ಗೆ ಕಾಲಿಟ್ಟಿದ್ದು ಅದೇ ಮೊದಲು. ದುಡ್ಡು ಬಂತು, ಕೆಲಸವೂ ನಡೆಯಿತು. ಅದನ್ನು ನಾನು ಅಲ್ಲಗಳೆಯುವುದಿಲ್ಲ.

ನನ್ನ ತಕರಾರು ಒಂದೇ. ಬಾಂಬ್ ತೆಗೆಯುವ ದುಡ್ಡು ಮತ್ತು ಗಾಯಗೊಂಡವರ ದುಡ್ಡು ಅಮೆರಿಕದಲ್ಲಿ ಎರಡು ಬೇರೆ ಬೇರೆ ಜೇಬಿನಿಂದ ಬರುತ್ತಿತ್ತು. ತೆಗೆಯುವ ದುಡ್ಡು ವಿದೇಶಾಂಗ ಇಲಾಖೆಯಿಂದ. ಕೃತಕ ಕಾಲು, ಫಿಸಿಯೋಥೆರಪಿ, ಗಾಲಿಕುರ್ಚಿ ದುಡ್ಡು ಅಮೆರಿಕದ ವಿದೇಶಿ ನೆರವು ಸಂಸ್ಥೆ ಯುಎಸ್‌ಏಡ್‌ನಿಂದ. ಸೆನೆಟರ್ ಪ್ಯಾಟ್ರಿಕ್ ಲೇಹಿ ಹೆಸರಿನ ಯುದ್ಧ ಸಂತ್ರಸ್ತರ ನಿಧಿ 1989ರಲ್ಲಿ ಶುರುವಾಗಿ ಅಲ್ಲಿಂದಲೇ ನಡೆಯುತ್ತಿತ್ತು. ತಡೆ ಬಂದಾಗ ಎರಡೂ ನಿಂತವು. ಆಮೇಲೆ ಬಾಂಬ್ ತೆಗೆಯುವ ಕೆಲಸಕ್ಕೆ ಅಲ್ಲಲ್ಲಿ ವಿನಾಯಿತಿ ಸಿಕ್ಕಿತು. ಆದರೆ 2025ರ ಜುಲೈ 1ಕ್ಕೆ ಯುಎಸ್‌ಏಡ್ ಬಾಗಿಲೇ ಮುಚ್ಚಿತು. ಕಾಲು ಕಳೆದುಕೊಂಡವನು ಈಗ ಯಾವ ಬಾಗಿಲು ತಟ್ಟಬೇಕು?


ಲೆಕ್ಕದ ಮನುಷ್ಯ:

ಒಳ್ಳೆಯ ವಿಷಯ. ಆದರೆ ಸ್ವಲ್ಪ ನ್ಯಾಯವಾಗಿ ನೋಡೋಣ. 1993ರಿಂದ ಅಮೆರಿಕ ಈ ಕೆಲಸಕ್ಕೆ ನೂರಕ್ಕೂ ಹೆಚ್ಚು ದೇಶಗಳಲ್ಲಿ 500 ಕೋಟಿ ಡಾಲರ್‌ಗಿಂತ ಜಾಸ್ತಿ ಖರ್ಚು ಮಾಡಿದೆ. ಲಾವೋಸ್‌ನಲ್ಲಿ ತಾನೇ ಹಾಕಿದ ಬಾಂಬ್, ಸರಿ. ಅಂಗೋಲ, ಕೊಲಂಬಿಯ, ಶ್ರೀಲಂಕಾದಲ್ಲಿ ನೆಲಬಾಂಬ್ ಹೂತದ್ದು ಅಮೆರಿಕದ ಸೈನ್ಯ ಅಲ್ಲವಲ್ಲ. ಅಲ್ಲೂ ದುಡ್ಡು ಕೊಟ್ಟಿದೆ. ಜಗತ್ತಿನಲ್ಲಿ ಈ ಕೆಲಸಕ್ಕೆ ಅತಿ ಹೆಚ್ಚು ಕೊಟ್ಟ ದೇಶ ಅದು.

ಇನ್ನೊಂದು ಮಾತು. ದುಡ್ಡು ಕಡಿಮೆ ಇದ್ದರೆ ಮೊದಲು ಬಾಂಬ್ ತೆಗೆಯುವುದಕ್ಕೇ ಹಾಕಬೇಕು ಅಂತ ನನ್ನ ಅಭಿಪ್ರಾಯ. ಒಂದು ಗದ್ದೆ ಸ್ವಚ್ಛ ಆದರೆ ಮುಂದೆ ಅಲ್ಲಿ ಯಾರ ಕಾಲೂ ಹೋಗುವುದಿಲ್ಲ. ಬೆಳೆ ಬೆಳೆಯಬಹುದು, ಶಾಲೆ ಕಟ್ಟಬಹುದು. ಲಾವೋಸ್‌ನಲ್ಲಿ 2008ರಲ್ಲಿ ವರ್ಷಕ್ಕೆ 300ರಷ್ಟು ಜನ ಬಲಿಯಾಗುತ್ತಿದ್ದರು. ಈಗ ಅದು ಕೆಲವು ಹತ್ತುಗಳಿಗೆ ಇಳಿದಿದೆ. ಇದು ಸುಮ್ನೆ ಆದದ್ದಲ್ಲ. ಗಾಯಾಳುಗಳ ಹೊಣೆ ಆ ದೇಶದ ಆರೋಗ್ಯ ಇಲಾಖೆಯದು ಆಗಬೇಕಲ್ವಾ?


ಸಿಂಗಪುರ ಕನ್ನಡಿಗ:

ನಾನು ಇಲ್ಲಿ ಕೆಲಸದಲ್ಲಿದ್ದೇನೆ. ಲಾವೋಸ್‌ಗೆ ಹೋಗಿದ್ದೆ. ಪ್ರವಾಸಿಗನಾಗಿ ಹೋದದ್ದು, ಕೆಲವು ಸಂಗತಿ ತಲೆಯಿಂದ ಹೋಗುತ್ತಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ಸಿಯೆಂಗ್ ಖುವಾಂಗ್ ಅನ್ನೋ ಪ್ರಾಂತ್ಯದ ಫೋನ್ಸವಾನ್ ಊರು. ಕಲ್ಲಿನ ದೊಡ್ಡ ಗುಡಾಣಗಳ ಬಯಲು ಇರುವುದು ಅಲ್ಲೇ. 2019ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದೆ. ಆ ಜಾಗದಲ್ಲೂ ಮೊದಲು ಬಾಂಬ್ ತೆಗೆದು, ಆಮೇಲೆ ಜನ ಓಡಾಡುವ ದಾರಿಗೆ ಗುರುತು ಹಾಕಿದ್ದಾರೆ. ಗುರುತಿನ ಕಲ್ಲು ದಾಟಿ ಆಚೆ ಹೋಗಬೇಡಿ ಅಂತ ಗೈಡ್ ಮತ್ತೆ ಮತ್ತೆ ಹೇಳುತ್ತಿದ್ದ.

ಹತ್ತಿರದ ಹಳ್ಳಿಗಳಲ್ಲಿ ಕ್ಲಸ್ಟರ್ ಬಾಂಬಿನ ಉದ್ದನೆಯ ಕವಚಗಳೇ ಮನೆಗೆ ಕಂಬ. ಅದನ್ನೇ ಉದ್ದಕ್ಕೆ ಸೀಳಿ, ಮಣ್ಣು ತುಂಬಿ, ಈರುಳ್ಳಿ ಬೆಳೆಸಿದ್ದರು. ಅಲ್ಯುಮಿನಿಯಂ ಕರಗಿಸಿ ಚಮಚ ಮಾಡುವ ಊರೂ ಇದೆ. ಲೋಹಕ್ಕೆ ಗುಜರಿಯವರು ದುಡ್ಡು ಕೊಡುತ್ತಾರೆ. ಹಾಗಾಗಿ ಬಡವರು ಅಪಾಯ ಗೊತ್ತಿದ್ದೂ ಅಗೆಯುತ್ತಾರೆ.

ವಿಯೆಂಟಿಯಾನ್‌ನಲ್ಲಿ ಕೋಪ್ ಅನ್ನೋ ಪುನರ್ವಸತಿ ಸಂಸ್ಥೆಯ ಪ್ರದರ್ಶನ ಕೊಠಡಿ ಇದೆ. 1997ರಿಂದ ಕೆಲಸ ಮಾಡುತ್ತಿದೆ. ಅಲ್ಲಿ ಜನ ತಮಗೆ ತಾವೇ ಮಾಡಿಕೊಂಡ ಹಳೆಯ ಕಾಲುಗಳನ್ನು ತೂಗುಹಾಕಿದ್ದಾರೆ. ಹೊಸ ಕಾಲು ಸಿಕ್ಕಿದವರು ಹಳೆಯದನ್ನು ಅಲ್ಲಿ ಬಿಟ್ಟು ಹೋಗಿದ್ದಾರೆ. ಮರದ್ದು, ಬಿದಿರಿನದ್ದು, ತಗಡಿನದ್ದು. ಮೇಲ್ಗಡೆ ಬಟ್ಟೆ ಸುತ್ತಿದ್ದಾರೆ, ಚರ್ಮ ತರಚದಿರಲಿ ಅಂತ. ಆ ಬಟ್ಟೆ ಎಲ್ಲ ಸವೆದು ಕಪ್ಪಾಗಿದೆ. ಅದೇ ಕಾಲಲ್ಲಿ ಗದ್ದೆ ಕೆಲಸ ಮಾಡಿದವರು ಅವರು.

ಲೆಕ್ಕದ ಮನುಷ್ಯ ಅವರೇ, ನೀವು ಹೇಳುವ ಅಂಕಿ ಸರಿ ಇರಬಹುದು. ಆದರೆ ಆ ಕಾಲುಗಳನ್ನು ನೋಡಿದವರಿಗೆ "ಮೊದಲು ಗದ್ದೆ, ಆಮೇಲೆ ಮನುಷ್ಯ" ಅನ್ನೋದಕ್ಕೆ ಬಾಯಿ ಬರುವುದಿಲ್ಲ.


ನಿವೃತ್ತ ಸ್ಯಾಪರ್:

ಎಲ್ಲರಿಗೂ ನಮಸ್ಕಾರ. ನಾನು ಸೈನ್ಯದ ಮದ್ರಾಸ್ ಎಂಜಿನಿಯರ್ ಗ್ರೂಪ್‌ನಲ್ಲಿ ಇದ್ದವನು. ಬೆಂಗಳೂರಿನ ಹಲಸೂರು ಕೆರೆ ಪಕ್ಕ ಇರುವ ಆ ಸೆಂಟರ್ ನಿಮಗೆ ಗೊತ್ತಿರುತ್ತದೆ. ನೆಲಬಾಂಬ್ ಹೂಳುವುದನ್ನೂ ತೆಗೆಯುವುದನ್ನೂ ನಮಗೆ ಕಲಿಸುತ್ತಾರೆ. ಹೂಳುವುದಕ್ಕೆ ನಿಮಿಷ ಸಾಕು. ತೆಗೆಯುವುದು ಮಂಡಿಯೂರಿ, ಅಂಗುಲ ಅಂಗುಲ.

ಲಾವೋಸ್‌ನಲ್ಲಿ ಇರುವ ಮರಿಬಾಂಬ್‌ಗಳ ಬಗ್ಗೆ ಒಂದೆರಡು ಮಾತು. ಬಿಎಲ್‌ಯು-26 ಅಂತ ಒಂದಿದೆ. ಟೆನಿಸ್ ಚೆಂಡಿನಷ್ಟು ಗಾತ್ರ. ಒಂದು ದೊಡ್ಡ ಕವಚದಲ್ಲಿ ಇಂಥವು ಸುಮಾರು 670 ಇರುತ್ತಿದ್ದವು. ಕವಚ ಆಕಾಶದಲ್ಲೇ ಬಿಚ್ಚಿಕೊಂಡು ಇವು ಚದುರಿ ಬೀಳುತ್ತವೆ. ಬೀಳುವಾಗ ಗಿರಗಿರ ತಿರುಗುತ್ತವೆ. ಆ ತಿರುಗುವಿಕೆಯಿಂದಲೇ ಸಿಡಿಯೋಕೆ ಸಜ್ಜಾಗುತ್ತವೆ. ಮರದ ಕೊಂಬೆಗೆ ಬಡಿದು, ಕೆಸರಿಗೆ ಬಿದ್ದು ಎಷ್ಟೋ ಸಿಡಿಯದೆ ಉಳಿದವು. ಗೋಡೆಯ ಒಳಗೆ ನೂರಾರು ಉಕ್ಕಿನ ಗುಂಡುಗಳಿರುತ್ತವೆ. ಮಕ್ಕಳು ಚೆಂಡು ಅಂದುಕೊಂಡು ಎತ್ತಿಕೊಳ್ಳುತ್ತಾರೆ. ಹೆಂಗಸರು ಹೊಲದ ಬದಿಯಲ್ಲಿ ಒಲೆ ಹೂಡಿದರೆ, ಅಡಿಯಲ್ಲಿ ಇದ್ದದ್ದು ಬಿಸಿಗೆ ಸಿಡಿಯುತ್ತದೆ. ಅದಕ್ಕೆ ಅಲ್ಲಿ ಒಲೆಯನ್ನು ನೆಲದಿಂದ ಎತ್ತರಕ್ಕೆ ಕಟ್ಟಿ ಅಂತ ಹೇಳಿಕೊಡುತ್ತಾರೆ.

ಇವು ಲೋಹದವು. ಹಾಗಾಗಿ ಡಿಟೆಕ್ಟರ್‌ಗೆ ಸಿಗುತ್ತವೆ. ಕಷ್ಟ ಏನು ಅಂದರೆ ನೆಲದ ತುಂಬ ಚೂರು ಲೋಹ. ಒಂದು ಬಾಂಬ್ ಸಿಗುವ ಮೊದಲು ನೂರಾರು ಸಲ ಡಿಟೆಕ್ಟರ್ ಕೂಗುತ್ತದೆ. ಪ್ರತಿ ಸಲವೂ ಅದು ಬಾಂಬೇ ಅಂತ ತಿಳಿದು ಅಗೆಯಬೇಕು. ಸಿಕ್ಕಿದ್ದನ್ನು ಎತ್ತಿಕೊಂಡು ಹೋಗುವುದಿಲ್ಲ. ಸಾಮಾನ್ಯವಾಗಿ ಸುತ್ತ ಮರಳಿನ ಚೀಲ ಇಟ್ಟು, ಊರಿಗೆ ಧ್ವನಿವರ್ಧಕದಲ್ಲಿ ಹೇಳಿ, ಇದ್ದಲ್ಲೇ ಸಿಡಿಸುತ್ತಾರೆ.

ಈಗ ದುಡ್ಡಿನ ವಿಷಯ. ಇಂಥ ಕೆಲಸದಲ್ಲಿ ಮೂರು ತಿಂಗಳು ತಡೆ ಅಂದರೆ ಮೂರು ತಿಂಗಳು ಅಲ್ಲ. ತಂಡದವರಿಗೆ ಸಂಬಳ ಇಲ್ಲ ಅಂದರೆ ಅವರು ಬೇರೆ ಕೂಲಿ ಹುಡುಕಿಕೊಂಡು ಹೋಗುತ್ತಾರೆ. ವಾಪಸ್ ಬಂದವರಿಗೆ ಮತ್ತೆ ತರಬೇತಿ, ಮತ್ತೆ ಪರೀಕ್ಷೆ. ಅರ್ಧ ಮುಗಿದ ಜಾಗದ ಗುರುತಿನ ಕಡ್ಡಿ ಮಳೆಗಾಲದಲ್ಲಿ ಕಿತ್ತುಹೋದರೆ ಆ ಜಾಗ ಮತ್ತೆ ಮೊದಲಿಂದ. ಅರ್ಧ ಮುಗಿದ ಹೊಲ ಪೂರ್ತಿ ಮುಟ್ಟದ ಹೊಲಕ್ಕಿಂತ ಅಪಾಯ. ಬಾಂಬ್ ತೆಗೆಯುವವರು ಬಂದು ಹೋದರು, ಇನ್ನೇನು ಭಯ ಇಲ್ಲ ಅಂತ ಜನ ಕಾಲಿಟ್ಟುಬಿಡುತ್ತಾರೆ.


ಬಯಲುಸೀಮೆ:

ನಮ್ಮ ದೇಶದ ಬಗ್ಗೆಯೂ ಮಾತಾಡಿ ಸ್ವಾಮಿ. ನೆಲಬಾಂಬ್ ನಿಷೇಧಿಸುವ 1997ರ ಒಟ್ಟಾವ ಒಪ್ಪಂದಕ್ಕೆ ಅಮೆರಿಕ ಸಹಿ ಹಾಕಿಲ್ಲ, ಒಪ್ಪಿಕೊಳ್ಳುತ್ತೇನೆ. ಭಾರತವೂ ಹಾಕಿಲ್ಲ. 2008ರ ಕ್ಲಸ್ಟರ್ ಬಾಂಬ್ ನಿಷೇಧ ಒಪ್ಪಂದಕ್ಕೂ ಹಾಕಿಲ್ಲ. 2001ರ ಸಂಸತ್ ದಾಳಿ ಆದ ಮೇಲೆ ಪಂಜಾಬ್, ರಾಜಸ್ಥಾನದ ಗಡಿ ಹೊಲಗಳಲ್ಲಿ ನೆಲಬಾಂಬ್ ಹೂತಿದ್ದೆವು. ರೈತರಿಗೂ ಪೆಟ್ಟಾಯಿತು, ಹೂತ ಜವಾನರಿಗೂ ಪೆಟ್ಟಾಯಿತು. ಬೇರೆಯವರಿಗೆ ಹೇಳುವ ಮೊದಲು ನಾವೇನು ಮಾಡಿದ್ದೇವೆ?


ತುಂಗಾತೀರ:

ಬಯಲುಸೀಮೆ ಅವರೇ, ನ್ಯಾಯವಾದ ಪ್ರಶ್ನೆ. ಭಾರತ ಸಹಿ ಹಾಕದ್ದು ನನಗೂ ಬೇಸರವೇ. ಗಡಿ ಉದ್ದ ಇದೆ, ಸೈನ್ಯಕ್ಕೆ ಬೇಕು ಅನ್ನೋದು ಸರ್ಕಾರದ ವಾದ.

ಆದರೆ ಭಾರತ ದಾನಿ ದೇಶವಾಗಿ ಮಾಡಿದ ಒಂದು ಕೆಲಸ ಇದೆ, ಅದನ್ನು ಹೇಳಲೇಬೇಕು. 2009ರಲ್ಲಿ ಶ್ರೀಲಂಕಾದ ಯುದ್ಧ ಮುಗಿದಾಗ ಉತ್ತರದ ತಮಿಳು ಜನ ಶಿಬಿರಗಳಲ್ಲಿದ್ದರು. ಊರಿಗೆ ಹೋಗೋಣ ಅಂದರೆ ನೆಲದ ತುಂಬ ಬಾಂಬ್. ಆಗ ಭಾರತ ಸರ್ಕಾರ ಪೂರ್ತಿ ತನ್ನ ಖರ್ಚಿನಲ್ಲಿ ಏಳು ತಂಡ ಕಳಿಸಿತು. ನಮ್ಮ ಸೈನ್ಯದಿಂದ ನಿವೃತ್ತರಾದವರೇ ಹೆಚ್ಚಾಗಿ ಇದ್ದ ತಂಡಗಳು. ಅದರ ಜೊತೆಗೇ ಜೈಪುರ ಕಾಲು ಅನ್ನೋ ಕೃತಕ ಕಾಲಿನ ಶಿಬಿರವನ್ನೂ ನಡೆಸಿತು. ಬಾಂಬ್ ತೆಗೆಯುವುದು, ಕಾಲು ಕೊಡುವುದು ಎರಡೂ ಒಂದೇ ನೆರವಿನಲ್ಲಿ ಹೋದವು. ಅಮೆರಿಕದ ಎರಡು ಜೇಬಿನ ಪದ್ಧತಿಗಿಂತ ಇದು ಮೇಲು ಅಂತ ನನಗೆ ಅನಿಸುತ್ತದೆ.

ಆ ನೆಲದಲ್ಲಿ ಕೆಲಸ ಇನ್ನೂ ಇದೆ. ಮುಹಮಾಲೈ ಅನ್ನೋ ಜಾಗದಲ್ಲಿ ಸೈನ್ಯ ಮತ್ತು ಎಲ್‌ಟಿಟಿಇ ವರ್ಷಗಟ್ಟಲೆ ಎದುರುಬದುರು ಕೂತು ನೆಲಬಾಂಬ್ ಹೂತಿದ್ದರು. ಜಗತ್ತಿನಲ್ಲೇ ಅತಿ ದಟ್ಟವಾದ ನೆಲಬಾಂಬ್ ಬಯಲುಗಳಲ್ಲಿ ಅದೂ ಒಂದು. ಅಲ್ಲಿ ಮಂಡಿಯೂರಿ ಕೆಲಸ ಮಾಡುವವರಲ್ಲಿ ಅದೇ ಊರುಗಳ ಹೆಣ್ಣುಮಕ್ಕಳು ತುಂಬ ಜನ. ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡವರೂ ಇದ್ದಾರೆ. ಶ್ರೀಲಂಕಾ 2017ರ ಡಿಸೆಂಬರ್‌ನಲ್ಲಿ ಒಟ್ಟಾವ ಒಪ್ಪಂದ ಸೇರಿತು. ಅಲ್ಲಿ ಅಮೆರಿಕ, ಜಪಾನ್, ಬ್ರಿಟನ್, ನಾರ್ವೆ ದುಡ್ಡೂ ಇದೆ.


ಕೃತಕಾಂಗ ತಂತ್ರಜ್ಞೆ:

ನಾನು ಬೆಂಗಳೂರಿನಲ್ಲಿ ಕೃತಕ ಕೈಕಾಲು ಮಾಡುವ ಕೆಲಸದಲ್ಲಿದ್ದೇನೆ. ನನ್ನ ಹತ್ತಿರ ಬರುವವರು ಹೆಚ್ಚಾಗಿ ಅಪಘಾತ ಆದವರು, ಸಕ್ಕರೆ ಕಾಯಿಲೆಯಿಂದ ಕಾಲು ತೆಗೆಸಿಕೊಂಡವರು. ಆದರೂ ಕೆಲಸ ಒಂದೇ. ಲೆಕ್ಕದ ಮನುಷ್ಯ ಅವರ ಮಾತಿಗೆ ಉತ್ತರ ಕೊಡಬೇಕು ಅನಿಸಿತು.

ಕಾಲು "ಕೊಟ್ಟರು" ಅಂತ ಪೇಪರ್‌ನಲ್ಲಿ ಬರುತ್ತದೆ. ಒಂದು ಸಲ ಕೊಟ್ಟು ಮುಗಿಸುವ ವಸ್ತು ಅಲ್ಲ ಅದು. ಮಂಡಿಯ ಕೆಳಗೆ ಕಾಲು ಹೋಗಿದೆ ಅಂದುಕೊಳ್ಳಿ. ಉಳಿದ ತುದಿಗೆ ಒದ್ದೆ ಪ್ಲಾಸ್ಟರ್ ಸುತ್ತಿ ಅಚ್ಚು ತೆಗೆಯುತ್ತೇವೆ. ಆ ಅಚ್ಚಿನಿಂದ ಕಾಲಿನ ತುದಿಯದೇ ಆಕಾರದ ಗಟ್ಟಿ ಪ್ರತಿ ಮಾಡುತ್ತೇವೆ. ಮೂಳೆ ಮೇಲೆ ಬಂದಿರುವ ಕಡೆ ಒತ್ತಬಾರದು, ಮಾಂಸ ಇರುವ ಕಡೆ ಭಾರ ಕೂರಬೇಕು. ಅದಕ್ಕೆ ತಕ್ಕಂತೆ ಕೈಯಲ್ಲೇ ಕೆತ್ತುತ್ತೇವೆ. ಆಮೇಲೆ ಪಾಲಿಪ್ರೊಪಿಲಿನ್ ಹಾಳೆಯನ್ನು ಬಿಸಿ ಮಾಡಿ ಅದರ ಮೇಲೆ ಎಳೆದು ಕೂರಿಸುತ್ತೇವೆ. ಅದೇ ಸಾಕೆಟ್. ಅದು ಎರಡು ಮಿಲಿಮೀಟರ್ ಹೆಚ್ಚುಕಮ್ಮಿ ಆದರೂ ಸಂಜೆಯ ಹೊತ್ತಿಗೆ ಚರ್ಮ ಕಿತ್ತು ಬರುತ್ತದೆ.

ಮೊದಲ ವರ್ಷ ಆ ತುದಿ ಇಳಿಯುತ್ತಾ ಹೋಗುತ್ತದೆ. ಸಾಕೆಟ್ ಸಡಿಲ ಆಗುತ್ತದೆ. ಮತ್ತೆ ಬರಬೇಕು. ದೊಡ್ಡವರಿಗೆ ಮೂರರಿಂದ ಐದು ವರ್ಷಕ್ಕೊಮ್ಮೆ ಹೊಸದು ಬೇಕು. ಬೆಳೆಯುವ ಮಗುವಿಗೆ ಹೆಚ್ಚುಕಮ್ಮಿ ವರ್ಷಕ್ಕೊಂದು. ಮಕ್ಕಳಲ್ಲಿ ಇನ್ನೊಂದು ಕಷ್ಟ ಇದೆ. ಕತ್ತರಿಸಿದ ಮೂಳೆಯ ತುದಿ ಬೆಳೆಯುತ್ತಾ ಚರ್ಮ ತೂರಿ ಹೊರಗೆ ಬರಬಹುದು. ಆಗ ಮತ್ತೆ ಆಪರೇಷನ್. ಎಂಟು ವರ್ಷದ ಹುಡುಗನಿಗೆ ಪೆಟ್ಟಾದರೆ ಅವನ ಜೀವನ ಪೂರ್ತಿ ಈ ಓಡಾಟ ಇದ್ದೇ ಇರುತ್ತದೆ.

ಕ್ಲಸ್ಟರ್ ಬಾಂಬಿನ ಗಾಯ ನೆಲಬಾಂಬಿನಂತಲ್ಲ, ಇದು ಮುಖ್ಯ. ನೆಲಬಾಂಬ್ ತುಳಿದರೆ ಕಾಲು ಹೋಗುತ್ತದೆ. ಮರಿಬಾಂಬನ್ನು ಕೈಗೆತ್ತಿಕೊಂಡವರಿಗೆ, ಗುದ್ದಲಿಯಿಂದ ತಾಗಿಸಿದವರಿಗೆ ಕೈ, ಮುಖ, ಕಣ್ಣು. ಎರಡು ಕೈಯೂ ಹೋಗಿ ಕಣ್ಣೂ ಹೋದವರಿಗೆ ನಾನು ಏನು ಮಾಡಿಕೊಟ್ಟರೂ ಸಾಲದು. ಅವರಿಗೆ ಬೇಕಾದ್ದು ಮನೆಗೆ ಬರುವ ಆರೈಕೆ, ಪಿಂಚಣಿ, ಮಾತಾಡಿಸುವ ಮನುಷ್ಯರು. ಇದಕ್ಕೆ ದಾನಿಗಳು ದುಡ್ಡು ಕೊಡುವುದು ಕಡಿಮೆ. ಹೊಸ ಕಾಲು ಹಾಕಿಕೊಂಡು ನಡೆಯುವ ಫೋಟೋ ತೆಗೆಯಬಹುದು. ಇದಕ್ಕೆ ಅಂಥ ಫೋಟೋ ಇಲ್ಲ.

ಗಾಯಾಳುಗಳು ಆ ದೇಶದ ಆರೋಗ್ಯ ಇಲಾಖೆಯ ಹೊಣೆ ಅಂದಿರಿ. ಕೊನೆಗೆ ಆಗಬೇಕಾದ್ದು ಅದೇ. ಆದರೆ ಲಾವೋಸ್ ಅಷ್ಟು ಬಡ ದೇಶ, ಗುಡ್ಡಗಾಡು. ಸಿಡಿದ ಜಾಗದಿಂದ ಆಪರೇಷನ್ ಮಾಡುವ ಆಸ್ಪತ್ರೆಗೆ ಬರೋದೇ ಎಷ್ಟೋ ಗಂಟೆಯ ದಾರಿ. ಇಲಾಖೆ ತನ್ನ ಕಾಲ ಮೇಲೆ ನಿಲ್ಲುವ ತನಕ ಯಾರಾದರೂ ಕೈ ಹಿಡಿಯಬೇಕು.


ಲೆಕ್ಕದ ಮನುಷ್ಯ:

ನಿಮ್ಮ ಉತ್ತರ ಓದಿ ಸ್ವಲ್ಪ ಹುಡುಕಿದೆ. ನೆಲಬಾಂಬ್ ಬಲಿಗಳ ಲೆಕ್ಕ ಇಡುವ ಲ್ಯಾಂಡ್‌ಮೈನ್ ಮಾನಿಟರ್ ವರದಿ ಪ್ರಕಾರ 2023ರಲ್ಲಿ ಜಗತ್ತಿನಲ್ಲಿ ನೆಲಬಾಂಬ್ ಮತ್ತು ಸಿಡಿಯದ ಬಾಂಬ್‌ಗಳಿಂದ 5,757 ಜನ ಸತ್ತರು ಅಥವಾ ಗಾಯಗೊಂಡರು. ಅದೇ ವರ್ಷ ದಾನಿ ದೇಶಗಳ ದುಡ್ಡು ಮತ್ತು ಬಾಂಬ್ ಇರುವ ದೇಶಗಳ ಸ್ವಂತ ದುಡ್ಡು ಸೇರಿ 100 ಕೋಟಿ ಡಾಲರ್ ದಾಟಿತು. ದಾನಿಗಳ ದುಡ್ಡಿನಲ್ಲಿ ದೊಡ್ಡ ಪಾಲು ಯುಕ್ರೇನ್‌ಗೆ. ಒಟ್ಟು ದುಡ್ಡಿನಲ್ಲಿ ಗಾಯಾಳುಗಳಿಗೆ ಅಂತಲೇ ಹೋಗಿದ್ದು ಹತ್ತರಲ್ಲಿ ಒಂದು ಪಾಲೂ ಇಲ್ಲ. ಇದು ಅಮೆರಿಕದ್ದೊಂದೇ ಕಥೆ ಅಲ್ಲ, ದಾನಿ ದೇಶಗಳೆಲ್ಲ ಸೇರಿದ ಲೆಕ್ಕ.

ಮೊದಲು ಗದ್ದೆ ಅನ್ನೋ ನನ್ನ ಮಾತು ಹೊಸ ಗಾಯಾಳು ಆಗಬಾರದು ಅನ್ನೋ ಅರ್ಥದಲ್ಲಿ. ಅದರಲ್ಲಿ ನಾನು ಬದಲಾಗಿಲ್ಲ. ಆದರೆ ಹತ್ತರಲ್ಲಿ ಒಂದೂ ಇಲ್ಲ ಅನ್ನೋದು ತೀರಾ ಅನ್ಯಾಯ.


ಮೈಸೂರು ಪೇಟೆ:

ಒಂದು ಸಂಶಯ. ಅಮೆರಿಕ ಬಿಟ್ಟ ಜಾಗಕ್ಕೆ ಚೀನಾ ಬರುತ್ತಲ್ಲ, ದುಡ್ಡು ಯಾರದಾದರೇನು?


ಸಿಂಗಪುರ ಕನ್ನಡಿಗ:

ಬಂದಿದೆ. 2025ರ ಫೆಬ್ರವರಿಯಲ್ಲೇ ಚೀನಾ ಕಾಂಬೋಡಿಯದ ನೆಲಬಾಂಬ್ ಕೇಂದ್ರಕ್ಕೆ 44 ಲಕ್ಷ ಡಾಲರ್ ಕೊಟ್ಟಿತು. ಜಪಾನ್ ಅಂತೂ ಅಲ್ಲಿ ಎಷ್ಟೋ ವರ್ಷದಿಂದ ಯಂತ್ರ, ತರಬೇತಿ ಕೊಡುತ್ತಿದೆ. ಈಗ ಕಾಂಬೋಡಿಯದವರೇ ಯುಕ್ರೇನ್ ಜನಕ್ಕೆ ಕಲಿಸುತ್ತಿದ್ದಾರೆ. ಗದ್ದೆಯಲ್ಲಿ ನಿಂತ ರೈತನಿಗೆ ಯಾರ ದುಡ್ಡಾದರೂ ಒಂದೇ, ಒಪ್ಪುತ್ತೇನೆ. ಆದರೆ ಲಾವೋಸ್‌ನಲ್ಲಿ ಬಾಂಬ್ ಹಾಕಿದ್ದು ಯಾರು ಅಂತ ಎಲ್ಲರಿಗೂ ಗೊತ್ತು. ಅಮೆರಿಕ ಈ ಹೊಣೆಯನ್ನು ಇನ್ನೊಬ್ಬರಿಗೆ ದಾಟಿಸಿ ಕೈ ತೊಳೆದುಕೊಳ್ಳಬಾರದು.


ನಿವೃತ್ತ ಸ್ಯಾಪರ್:

ಒಂದು ಸೇರಿಸುತ್ತೇನೆ. ಎಲ್ಲಿ ಎಷ್ಟು ಬಾಂಬ್ ಹಾಕಿದೆವು ಅನ್ನೋ ದಾಖಲೆ ಹಾಕಿದವರ ಹತ್ತಿರವೇ ಇರುತ್ತದೆ. ಅಮೆರಿಕ ಆ ವಿಮಾನ ದಾಳಿಯ ದಾಖಲೆ ಕೊಟ್ಟ ಮೇಲೆ ಹುಡುಕುವ ಕೆಲಸ ಸಲೀಸಾಯಿತು. ದುಡ್ಡಿನಷ್ಟೇ ಬೆಲೆ ಅದಕ್ಕೂ ಇದೆ. ಈಗ ಮತ್ತೊಂದು ಆತಂಕ. 2025ರಲ್ಲಿ ಲಿಥುವೇನಿಯ, ಲಾಟ್ವಿಯ, ಎಸ್ಟೋನಿಯ, ಫಿನ್ಲೆಂಡ್, ಪೋಲೆಂಡ್ ಒಟ್ಟಾವ ಒಪ್ಪಂದದಿಂದ ಹೊರಗೆ ಹೋಗಲು ತೀರ್ಮಾನಿಸಿದವು. ರಷ್ಯಾದ ಭಯ. ಸೈನಿಕನಾಗಿ ಆ ಭಯ ನನಗೆ ಅರ್ಥ ಆಗುತ್ತದೆ. ಆದರೆ ಮಂಡಿಯೂರಿ ತೆಗೆದವನಾಗಿ ಹೇಳುತ್ತೇನೆ, ಇವತ್ತು ಹೂತದ್ದನ್ನು ನಿಮ್ಮ ಮೊಮ್ಮಕ್ಕಳು ತೆಗೆಯಬೇಕಾಗುತ್ತದೆ.


ತುಂಗಾತೀರ:

ಇಷ್ಟು ಜನ ಬರೆದದ್ದಕ್ಕೆ ಥ್ಯಾಂಕ್ಸ್. ನನಗೆ ಬೇಕು ಅನಿಸುವುದು ಎರಡು. ಗದ್ದೆ ಸ್ವಚ್ಛ ಮಾಡಲು ಕೊಡುವ ಪ್ರತಿ ಅನುದಾನದಲ್ಲೂ ಅದೇ ಜಿಲ್ಲೆಯ ಗಾಯಾಳುಗಳಿಗೆ ಅಂತ ಒಂದು ಪಾಲು ಕಡ್ಡಾಯವಾಗಿ ಇರಬೇಕು. ಇಲಾಖೆ ಮುಚ್ಚಿದರೂ ಆ ಪಾಲು ನಿಲ್ಲಬಾರದು. ಇನ್ನೊಂದು, ವರ್ಷ ವರ್ಷ ಕೈಚಾಚುವ ಬದಲು ಐದು, ಹತ್ತು ವರ್ಷದ ಮಾತು ಕೊಡಬೇಕು. ಕಾಲಿನ ಆಯಸ್ಸು ಮೂರರಿಂದ ಐದು ವರ್ಷ ಅಂತ ತಂತ್ರಜ್ಞೆ ಹೇಳಿದರಲ್ಲ, ಒಂದೇ ವರ್ಷದ ಅನುದಾನದಲ್ಲಿ ಎರಡನೇ ಕಾಲಿನ ಲೆಕ್ಕವೇ ಬರುವುದಿಲ್ಲ.


ಹಾಸನದ ಹುಡುಗ:

ನಾನು ಸೆಕೆಂಡ್ ಪಿಯುಸಿ ಸೈನ್ಸ್. ಮೇಡಂ, ನೀವು ಮಾಡುವ ಕೆಲಸ ಕಲಿಯುವುದು ಹೇಗೆ? ಕಲಿತರೆ ಲಾವೋಸ್‌ನಂಥ ಕಡೆ ಕೆಲಸ ಮಾಡಬಹುದಾ?


ಕೃತಕಾಂಗ ತಂತ್ರಜ್ಞೆ:

ಖಂಡಿತ ಮಾಡಬಹುದು. ಪ್ರಾಸ್ಥೆಟಿಕ್ಸ್ ಅಂಡ್ ಆರ್ಥೋಟಿಕ್ಸ್ ಅಂತ ಪದವಿ ಕೋರ್ಸ್ ಇದೆ, ಸೈನ್ಸ್ ಪಿಯುಸಿ ಆದಮೇಲೆ ಸೇರಬಹುದು. ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆ ಇರುವ ಕಾಲೇಜೇ ಆಗಿರಲಿ, ಸೇರುವ ಮೊದಲು ಅದನ್ನು ನೋಡಿಕೊಳ್ಳಿ. ಬೆಂಗಳೂರಿನಲ್ಲೇ ಮೊಬಿಲಿಟಿ ಇಂಡಿಯಾ ಅನ್ನೋ ಸಂಸ್ಥೆ ಕಲಿಸುತ್ತದೆ. ಬೇರೆ ದೇಶಗಳಿಂದಲೂ ಬಂದು ಅಲ್ಲಿ ಕಲಿತು, ತಮ್ಮ ಊರಿಗೆ ಹೋಗಿ ಕೆಲಸ ಮಾಡುತ್ತಾರೆ. ದಾನಿ ದೇಶಗಳು ಮೊದಲು ದುಡ್ಡು ಹಾಕಬೇಕಾದ್ದು ಇಂಥವರ ಓದಿಗೆ ಅಂತ ನನಗೆ ಅನಿಸುತ್ತದೆ. ಅನುದಾನ ನಿಂತರೂ ಕಲಿತವರು ಆ ಊರಲ್ಲೇ ಇರುತ್ತಾರೆ. ಅಫ್ಘಾನಿಸ್ತಾನದಲ್ಲಿ ರೆಡ್‌ಕ್ರಾಸ್ ಸಮಿತಿ 1988ರಿಂದ ಕೃತಕಾಂಗ ಕೇಂದ್ರ ನಡೆಸುತ್ತಿದೆ. ಅಲ್ಲಿ ಕೆಲಸ ಮಾಡುವವರಲ್ಲಿ ಹೆಚ್ಚಿನವರು ಸ್ವತಃ ಅಂಗವೈಕಲ್ಯ ಇರುವವರೇ. ಸರ್ಕಾರಗಳು ಬಂದವು, ಹೋದವು, ಆ ವರ್ಕ್‌ಶಾಪ್ ನಡೆಯುತ್ತಲೇ ಇದೆ.

ಪ್ರವೇಶದ ವಿಷಯ ಏನಾದರೂ ಕೇಳಬೇಕಿದ್ದರೆ ಇಲ್ಲೇ ಕೇಳಿ, ಬಿಡುವಾದಾಗ ಉತ್ತರ ಬರೆಯುತ್ತೇನೆ.